ಅಪ್ಪನ ಕಿಡ್ನಿ ಇನ್ನೆಷ್ಟು ವರ್ಷ ತಡೆದೀತು?

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕಿನ ಒಳಗೆ, ಘಟ್ಟದ ಬುಡದ ಹಳ್ಳಿ. ಅಪ್ಪನಿಗೆ 58 ವರ್ಷ. 12 ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಎರಡು ವರ್ಷದ ಹಿಂದೆ ಕ್ರಿಯಾಟಿನಿನ್ 1.6 ಇತ್ತು. ಕಳೆದ ವರ್ಷ 2.0, ಈಗ 2.5. ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್ ಅಂತ ಬಂದಿದೆ. ಕಾರವಾರದಲ್ಲಿ ತೋರಿಸಿದಾಗ ‘ಈಗಲೇ ಡಯಾಲಿಸಿಸ್ ಬೇಡ, ಮುಂದೆ ಬೇಕಾಗಬಹುದು’ ಅಂದರು. ಅಪ್ಪ ಆರಾಮಾಗೇ ಇದ್ದಾರೆ, ತೋಟದ ಕೆಲಸವನ್ನೂ ಮಾಡುತ್ತಾರೆ. ಇನ್ನೆಷ್ಟು ಸಮಯ ಇದೆ? ಅಲ್ಲಿಯವರೆಗೆ ಸುಮ್ನೆ ಕಾಯಬೇಕಾ? ನಾಟಿ ಔಷಧಿ ಕೊಡಬಹುದಾ? ಪೇಟೆಯಲ್ಲಿ ಮನೆ ಮಾಡಬೇಕಾ? ಅಮ್ಮ ತನ್ನ ಒಂದು ಕಿಡ್ನಿ ಕೊಡುತ್ತೇನೆ ಅಂತ ಈಗಲೇ ಹೇಳುತ್ತಿದ್ದಾರೆ.

ಉತ್ತರ: ನೀವು ಮೂರು ವರ್ಷದ ರಿಪೋರ್ಟ್ ಇಟ್ಟುಕೊಂಡಿದ್ದೀರಿ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಅಂದಾಜಿನ ಉತ್ತರವನ್ನಾದರೂ ಕೊಡಬಹುದು. ಒಂದೇ ರಿಪೋರ್ಟ್ ಹಿಡಿದುಕೊಂಡು ಬಂದವರಿಗೆ ಇದನ್ನು ಹೇಳುವುದು ಕಷ್ಟ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕಸ. ಆದರೆ ಅದರ ಅಂಕಿಯಿಂದ ಕಿಡ್ನಿಯ ಸ್ಥಿತಿ ನೇರವಾಗಿ ತಿಳಿಯುವುದಿಲ್ಲ. ವಯಸ್ಸು ಮತ್ತು ಲಿಂಗ ಸೇರಿಸಿ ಲೆಕ್ಕ ಹಾಕಿದಾಗ ‘ಇಜಿಎಫ್‌ಆರ್’ ಅಂತ ಒಂದು ಅಂಕಿ ಬರುತ್ತದೆ. ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತರಸವನ್ನು ಕಿಡ್ನಿ ಸೋಸುತ್ತಿದೆ ಎಂಬುದರ ಅಂದಾಜು ಅದು. ನಿಮ್ಮ ತಂದೆಯವರ ಅಂಕಿಗಳನ್ನು ಹಾಗೆ ಬದಲಾಯಿಸಿದರೆ ಎರಡು ವರ್ಷದ ಹಿಂದೆ ಸುಮಾರು 50, ಕಳೆದ ವರ್ಷ 38, ಈಗ 29. ಅಂದರೆ ಮೊದಲ ವರ್ಷ 12 ಕುಸಿದಿದೆ, ಎರಡನೇ ವರ್ಷ 9. ಆರೋಗ್ಯವಂತರಲ್ಲಿ ನಡುವಯಸ್ಸಿನ ನಂತರ ವರ್ಷಕ್ಕೆ ಒಂದರಷ್ಟು ಇಳಿಯುವುದು ಸಹಜ. 5ಕ್ಕಿಂತ ಜಾಸ್ತಿ ಇಳಿದರೆ ನಾವು ಅದನ್ನು ವೇಗದ ಕುಸಿತ ಅನ್ನುತ್ತೇವೆ. ಇದೇ ವೇಗದಲ್ಲಿ ಹೋದರೆ ಎರಡು ವರ್ಷದ ಹೊತ್ತಿಗೆ ಅಂಕಿ 10ರ ಹತ್ತಿರ ಬರುತ್ತದೆ. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಗಂಭೀರವಾಗುವುದು ಅಲ್ಲಿಯೇ.

ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ಈ ವೇಗವನ್ನು ಬದಲಾಯಿಸಲು ಆಗುತ್ತದೆ. ವರ್ಷಕ್ಕೆ 3 ಮಾತ್ರ ಇಳಿಯುವಂತೆ ಮಾಡಿದರೆ ಅದೇ 10ಕ್ಕೆ ಬರಲು ಆರು ವರ್ಷಕ್ಕೂ ಹೆಚ್ಚು ಬೇಕು. ಎರಡು ವರ್ಷ ಮತ್ತು ಆರು ವರ್ಷ. ನಿಮ್ಮಂಥ ಹಳ್ಳಿಯ ಮನೆಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ನಿಮಗೇ ಗೊತ್ತು. ಆದ್ದರಿಂದ ‘ಸುಮ್ನೆ ಕಾಯಬೇಕಾ’ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಖಂಡಿತ ಬೇಡ ಅಂತ. ಚಿಕಿತ್ಸೆಯಿಂದ ಅತಿ ಹೆಚ್ಚು ಲಾಭ ಸಿಗುವ ಕಾಲ ಇದೇ. ಆದರೆ ಹೆಚ್ಚಿನ ಮನೆಗಳಲ್ಲಿ ಈ ಕಾಲ ಹಾಗೇ ಕಳೆದುಹೋಗುತ್ತದೆ. ಕಾರಣ ನೀವೇ ಬರೆದಿದ್ದೀರಿ: ‘ಅಪ್ಪ ಆರಾಮಾಗೇ ಇದ್ದಾರೆ.’

ಕಿಡ್ನಿ ಕಾಯಿಲೆ ನೋಯುವುದಿಲ್ಲ. ಎರಡೂ ಕಿಡ್ನಿ ಸೇರಿ ಸುಮಾರು 20 ಲಕ್ಷ ಸಣ್ಣ ಸೋಸುವ ಘಟಕಗಳಿವೆ. ಸಕ್ಕರೆ ಕಾಯಿಲೆ, ಬಿಪಿಯಿಂದ ಅವು ಒಂದೊಂದೇ ಸಾಯುತ್ತವೆ. ಉಳಿದವು ಹೆಚ್ಚು ಕೆಲಸ ಮಾಡುತ್ತವೆ. ನಾಲ್ಕು ಪೈಪಿನಲ್ಲಿ ತೋಟಕ್ಕೆ ಹೋಗುತ್ತಿದ್ದ ನೀರನ್ನು ಒಂದೇ ಪೈಪಿಗೆ ತಿರುಗಿಸಿದರೆ ಆ ಪೈಪಿನ ಮೇಲೆ ಒತ್ತಡ ಏರುತ್ತದಲ್ಲ, ಹಾಗೆ ಉಳಿದ ಘಟಕಗಳ ಒಳಗೂ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಪ್ರೋಟೀನ್ ಹೊರಗೆ ಸೋರುತ್ತದೆ, ಆ ಘಟಕಗಳೂ ಹಾಳಾಗುತ್ತವೆ. ಇದೆಲ್ಲ ನಡೆಯುವಾಗ ಮನುಷ್ಯ ತೋಟದ ಕೆಲಸ ಮಾಡುತ್ತಲೇ ಇರುತ್ತಾನೆ. ಮೂತ್ರದಲ್ಲಿ ನೊರೆ, ರಾತ್ರಿ ಎರಡು ಮೂರು ಸಲ ಏಳುವುದು, ಸಂಜೆ ಕಾಲು ಊದುವುದು ಮಾತ್ರ ಕಾಣಬಹುದು. ಇದನ್ನೆಲ್ಲ ‘ವಯಸ್ಸಾಯ್ತಲ್ಲ’ ಅಂತ ಬಿಟ್ಟುಬಿಡುವುದೇ ಹೆಚ್ಚು.

ಹಾಗಾಗಿ ನಿಮ್ಮ ಮೊದಲ ಕೆಲಸ ಮೂತ್ರದ ಒಂದು ಪರೀಕ್ಷೆ. ‘ಎರಡು ಪ್ಲಸ್’ ಅನ್ನುವುದು ಒರಟು ಅಂದಾಜು. ಮೂತ್ರದ ಅಲ್ಬುಮಿನ್ (ಒಂದು ಬಗೆಯ ಪ್ರೋಟೀನ್) ಮತ್ತು ಕ್ರಿಯಾಟಿನಿನ್ ಪ್ರಮಾಣವನ್ನು ಹೋಲಿಸುವ ಪರೀಕ್ಷೆ ಇದೆ, ಲ್ಯಾಬಿನವರು ‘ಎಸಿಆರ್’ ಅನ್ನುತ್ತಾರೆ. ಬೆಳಗಿನ ಮೊದಲ ಮೂತ್ರ ಸ್ವಲ್ಪ ಕೊಟ್ಟರೆ ಸಾಕು. 30ರೊಳಗೆ ಇದ್ದರೆ ಸರಿ, 300 ದಾಟಿದರೆ ಸೋರಿಕೆ ಗಂಭೀರ. ಒಂದೇ ಕ್ರಿಯಾಟಿನಿನ್ ಇರುವ ಇಬ್ಬರಲ್ಲಿ ಒಬ್ಬರ ಎಸಿಆರ್ 50, ಇನ್ನೊಬ್ಬರದು 2,000 ಇದ್ದರೆ ಎರಡನೆಯವರ ಕಿಡ್ನಿ ಬಹಳ ಬೇಗ ಹಾಳಾಗುತ್ತದೆ. ಮುಂದಿನ ವೇಗವನ್ನು ಊಹಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಆದರೂ ನಮ್ಮ ಕಡೆ ಇದನ್ನು ಬರೆದುಕೊಡುವುದೇ ಕಡಿಮೆ. ನೀವೇ ಕೇಳಿ ಬರೆಸಿಕೊಳ್ಳಿ. ಜೊತೆಗೆ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಊತವೋ ಕಲ್ಲೋ ಮೂತ್ರದ ದಾರಿಯನ್ನು ತಡೆದಿದ್ದರೆ ಅದನ್ನು ಸರಿಪಡಿಸಬಹುದು.

ದೂರದ ಊರಿನಲ್ಲಿದ್ದು ಇದನ್ನೆಲ್ಲ ಸಾಧಿಸಲು ಆಗುತ್ತದಾ ಅಂತ ನಿಮಗೆ ಅನುಮಾನ ಬರಬಹುದು. ಆಸ್ಟ್ರೇಲಿಯಾದ ಉತ್ತರಕ್ಕೆ ಸಮುದ್ರದಲ್ಲಿ ತಿವಿ ದ್ವೀಪಗಳಿವೆ. ಅಲ್ಲಿನ ಮೂಲನಿವಾಸಿಗಳಲ್ಲಿ ಕಿಡ್ನಿ ವೈಫಲ್ಯ ವಿಪರೀತವಾಗಿತ್ತು. ಡಯಾಲಿಸಿಸ್ ಬೇಕೆಂದರೆ ಮನೆ, ನೆಂಟರು, ಊರು ಬಿಟ್ಟು ಹೋಗಬೇಕಿತ್ತು. 1995ರಲ್ಲಿ ವೈದ್ಯೆ ವೆಂಡಿ ಹೋಯ್ ಮತ್ತು ಅವರ ತಂಡ ಅಲ್ಲೊಂದು ಚಿಕಿತ್ಸಾ ಕಾರ್ಯಕ್ರಮ ಶುರು ಮಾಡಿತು. ಅದರ ಜೀವಾಳ ಬಿಪಿಯನ್ನೂ ಪ್ರೋಟೀನ್ ಸೋರಿಕೆಯನ್ನೂ ತಗ್ಗಿಸುವ ಒಂದು ಮಾತ್ರೆ, ಶುಗರ್ ಹತೋಟಿ, ಮತ್ತು ಊರಲ್ಲೇ ತಪ್ಪದೆ ನಡೆಯುವ ತಪಾಸಣೆ. ಕೆಲವೇ ವರ್ಷಗಳಲ್ಲಿ ಚಿಕಿತ್ಸೆ ಪಡೆದವರಲ್ಲಿ ಕಿಡ್ನಿ ವೈಫಲ್ಯವೂ ಸಾವೂ ಸುಮಾರು ಅರ್ಧಕ್ಕೆ ಇಳಿದವು. ಆಮೇಲೆ ಕಾರ್ಯಕ್ರಮ ಸಡಿಲವಾಯಿತು, ಬಿಪಿ ಹತೋಟಿ ತಪ್ಪಿತು, ಸಾವು ಮತ್ತೆ ಏರಿತು. ಈ ಎರಡನೇ ಭಾಗವನ್ನೂ ಮರೆಯಬಾರದು. ತಜ್ಞರ ದೊಡ್ಡ ಆಸ್ಪತ್ರೆಗಿಂತ, ಹತ್ತಿರದಲ್ಲಿ ಬಿಡದೆ ನಡೆಯುವ ಸಾಧಾರಣ ಆರೈಕೆಯೇ ಅಲ್ಲಿ ಜೀವ ಉಳಿಸಿದ್ದು. ನಿಮಗೂ ಅದೇ ದಾರಿ. ಮೂರು ತಿಂಗಳಿಗೊಮ್ಮೆ ಕಾರವಾರ, ಮಣಿಪಾಲ ಅಥವಾ ಹುಬ್ಬಳ್ಳಿಯಲ್ಲಿ ಕಿಡ್ನಿ ತಜ್ಞರನ್ನು ಕಾಣಿರಿ. ನಡುವೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ತೂಕ, ಶುಗರ್ ನೋಡಿಸಿ. ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ.

ಬಿಪಿ 130/80ರ ಒಳಗೆ ಇರಬೇಕು. ಸಾಧ್ಯವಾದರೆ ತೋಳಿಗೆ ಕಟ್ಟುವ ಬಿಪಿ ಯಂತ್ರ ಒಂದನ್ನು ಮನೆಗೇ ತನ್ನಿ. ಈ ಕಾಯಿಲೆಗೆ ಮನೆಯವರು ಮಾಡುವ ಖರ್ಚಿನಲ್ಲಿ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮಾತ್ರೆಗಳಲ್ಲಿ ಎರಡು ಗುಂಪು ಮುಖ್ಯ. ಒಂದು ‘ಪ್ರಿಲ್’ ಅಥವಾ ‘ಸಾರ್ಟನ್’ ಅಂತ ಮುಗಿಯುವ ಹೆಸರಿನವು: ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೋಸಾರ್ಟನ್. ಎರಡೂ ಬಗೆಯದನ್ನು ಒಟ್ಟಿಗೆ ಕೊಡುವುದಿಲ್ಲ, ಯಾವುದಾದರೂ ಒಂದು. ನಾನು ಹೇಳಿದ ಆ ಒಳಗಿನ ಒತ್ತಡವನ್ನು ಇಳಿಸುವುದು ಇವೇ. ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಬೇಕು. ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಶೇ 30ರೊಳಗಿನ ಏರಿಕೆ ನಿರೀಕ್ಷಿತ, ಅದಕ್ಕೆ ಹೆದರಿ ಮಾತ್ರೆ ಬಿಡಬಾರದು. ‘ಕಿಡ್ನಿ ಮಾತ್ರೆಯಿಂದಲೇ ಕಿಡ್ನಿ ಹಾಳಾಯ್ತು’ ಅಂತ ಬಿಟ್ಟು, ವರ್ಷ ಕಳೆದು ಬರುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇನ್ನೊಂದು ಗುಂಪು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ಮೊದಲು ಶುಗರ್ ಮಾತ್ರೆಗಳಾಗಿ ಬಂದವು. 2020 ಮತ್ತು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ, ಶುಗರ್ ಇಲ್ಲದವರಲ್ಲೂ ಕಿಡ್ನಿ ಕುಸಿತವನ್ನು ಇವು ನಿಧಾನ ಮಾಡುತ್ತವೆ ಅಂತ ಖಚಿತವಾಯಿತು. ಇಜಿಎಫ್‌ಆರ್ 20ರ ಮೇಲಿದ್ದರೆ ಶುರು ಮಾಡಬಹುದು. ನಿಮ್ಮ ತಂದೆಯವರದು 29. ಅಂದರೆ ಈ ಬಾಗಿಲು ಇನ್ನೂ ತೆರೆದಿದೆ, ತಡ ಮಾಡಬೇಡಿ. ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಬಹಳ ಇಳಿದಿದೆ. ಮುಂದಿನ ಭೇಟಿಯಲ್ಲಿ ‘ಈ ಎರಡೂ ಗುಂಪಿನ ಮಾತ್ರೆ ಅಪ್ಪನಿಗೆ ಆಗುತ್ತದಾ?’ ಅಂತ ನೇರವಾಗಿ ಕೇಳಿ.

ಈಗ ತಗೊಳ್ಳುತ್ತಿರುವ ಶುಗರ್ ಮಾತ್ರೆಗಳನ್ನೂ ತೋರಿಸಿ. ಮೆಟ್‌ಫಾರ್ಮಿನ್ ಇದ್ದರೆ, ಇಜಿಎಫ್‌ಆರ್ 30ರ ಕೆಳಗೆ ಅದನ್ನು ನಿಲ್ಲಿಸಬೇಕು. ಇನ್ಸುಲಿನ್ ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಕಿಡ್ನಿ ಸೋತಾಗ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಆಗ ಶುಗರ್ ತಾನಾಗಿ ಇಳಿಯುತ್ತದೆ. ಮನೆಯವರು ಶುಗರ್ ವಾಸಿ ಆಯ್ತು ಅಂತ ಸಂತೋಷಪಡುತ್ತಾರೆ. ಅದು ವಾಸಿಯಾದ ಲಕ್ಷಣ ಅಲ್ಲ. ಬೆಳಗಿನ ಜಾವ ಬೆವರಿ, ನಡುಗಿ, ಮಾತು ತೊದಲಿದರೆ ತಕ್ಷಣ ಸಕ್ಕರೆ ಕೊಡಿ, ಅದೇ ದಿನ ಡಾಕ್ಟರಿಗೆ ಹೇಳಿ ಡೋಸ್ ಇಳಿಸಿಕೊಳ್ಳಿ.

ವರ್ಷಗಟ್ಟಲೆ ನಿಧಾನವಾಗಿ ಇಳಿಯುವ ಕಿಡ್ನಿಯನ್ನು ವಾರದೊಳಗೆ ಕೆಡವುವ ಸಂಗತಿಗಳು ಕೆಲವಿವೆ. ನಮ್ಮ ಜಿಲ್ಲೆಯಲ್ಲಿ ಅವಕ್ಕೆ ಕೊರತೆ ಇಲ್ಲ. ಮೊದಲನೆಯದು ನೋವಿನ ಮಾತ್ರೆ. ಕೊನೆಕೊಯ್ಲು, ನಾಟಿ, ಮರ ಹೊರುವ ಕೆಲಸ ಮುಗಿದ ಮೇಲೆ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ತಂದು ನುಂಗುವುದು, ‘ಒಂದು ಇಂಜೆಕ್ಷನ್ ಹಾಕಿ’ ಅಂತ ಕೇಳುವುದು ಎಲ್ಲ ಕಡೆ ಇದೆ. ನಿಮ್ಮ ತಂದೆಯವರಿಗೆ ಇದು ಪೂರ್ತಿ ಬೇಡ. ಪ್ಯಾರಾಸಿಟಮಾಲ್ ಸಾಕು. ಎರಡನೆಯದು ವಾಂತಿ, ಭೇದಿ, ಜೋರು ಜ್ವರ. ದೇಹದ ನೀರು ಹೋಗುತ್ತಿರುವಾಗ ‘ಪ್ರಿಲ್’, ‘ಸಾರ್ಟನ್’, ‘ಫ್ಲೋಜಿನ್’ ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಆ ದಿನಗಳ ಮಟ್ಟಿಗೆ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಊಟ ಸರಿಯಾದ ಮೇಲೆ ಅವರು ಹೇಳಿದಂತೆ ಮತ್ತೆ ಶುರು ಮಾಡಿ. ಮಳೆಗಾಲದಲ್ಲಿ ಗದ್ದೆ ಕೆಸರಿನಲ್ಲಿ ನಿಂತು ಕೆಲಸ ಮಾಡುವವರಿಗೆ ಇಲಿಜ್ವರ ಬರುತ್ತದೆ. ಹಾವು ಕಚ್ಚುವುದೂ ಇದೆ. ಎರಡೂ ಕಿಡ್ನಿಗೆ ನೇರ ಏಟು. ಕಾಲಿಗೆ ಗಾಯ ಇದ್ದಾಗ ಕೆಸರಿಗೆ ಇಳಿಯಬಾರದು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಾಟಿ ಔಷಧಿ ಬಗ್ಗೆ ಕೇಳಿದಿರಿ. ನಮ್ಮ ಕಡೆಯ ಮದ್ದಿನ ತಿಳಿವಳಿಕೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಇಷ್ಟು ಸೋತ ಕಿಡ್ನಿಗೆ ಯಾವ ಬೇರು, ಯಾವ ಭಸ್ಮ, ಎಷ್ಟು ಪ್ರಮಾಣ ಅಂತ ತಿಳಿಯದೆ ಕೊಡಬೇಡಿ. ಕೆಲವು ಗಿಡಗಳಲ್ಲಿರುವ ಆಮ್ಲ ಕಿಡ್ನಿಯನ್ನೇ ಒಣಗಿಸುತ್ತದೆ, ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ. ಹಿತ್ತಲಿನ ಎರಡು ಹಣ್ಣುಗಳನ್ನು ವಿಶೇಷವಾಗಿ ಹೇಳುತ್ತೇನೆ. ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲಿಗೆ, ಶುಗರಿಗೆ ಒಳ್ಳೆಯದು ಅಂತ ಲೋಟಗಟ್ಟಲೆ ಕುಡಿಯುವವರಿದ್ದಾರೆ. ಅದರ ಆಕ್ಸಲೇಟ್ ಹರಳುಗಟ್ಟಿ, ಚೆನ್ನಾಗಿದ್ದ ಕಿಡ್ನಿಯೇ ಕೆಟ್ಟ ಪ್ರಸಂಗಗಳು ಕೇರಳದಲ್ಲಿ ದಾಖಲಾಗಿವೆ. ನಕ್ಷತ್ರದ ಆಕಾರದ ಧಾರೆಹುಳಿಯಂತೂ ಕಿಡ್ನಿ ಸೋತವರ ಮೆದುಳಿಗೆ ವಿಷ. ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ಬರಬಹುದು. ನಿಮ್ಮ ತಂದೆಯವರಿಗೆ ಇವೆರಡೂ ಬೇಡವೇ ಬೇಡ.

ಊಟದಲ್ಲಿ ಉಪ್ಪೇ ದೊಡ್ಡ ವಿಷಯ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಕುಚ್ಚಲಕ್ಕಿ ಗಂಜಿಗೆ ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಮಳೆಗಾಲದ ಉಪ್ಪುಸೊಳೆ, ಇಷ್ಟರಲ್ಲೇ ಆ ಲೆಕ್ಕ ಮುಗಿಯುತ್ತದೆ. ಮಿಡಿಯ ರುಚಿ ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಪೂರ್ತಿ ಬಿಡಿಸಿ ಜಗಳ ಮಾಡಿಕೊಳ್ಳುವ ಬದಲು ಹಬ್ಬಕ್ಕೆ, ವಾರಕ್ಕೊಮ್ಮೆಗೆ ಇಳಿಸಿ. ಒಣಮೀನಿನ ಬದಲು ಹಸಿಮೀನು ಕೊಡಿ. ಕೋಕಂ, ನಿಂಬೆ, ಜೀರಿಗೆ, ಕಾಳುಮೆಣಸು ರುಚಿ ತುಂಬುತ್ತವೆ. ಸಾಣಿಕಟ್ಟಾದ ಉಪ್ಪು, ಕಲ್ಲುಪ್ಪು, ಸೈಂಧವ ಯಾವುದಾದರೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ‘ಲೋ ಸೋಡಿಯಂ’ ಅಂತ ಮಾರುವ ಉಪ್ಪು ಮಾತ್ರ ಮುಟ್ಟಬೇಡಿ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ಎಳನೀರು, ಬಾಳೆಹಣ್ಣು ನಿಲ್ಲಿಸಬೇಕೋ ಬೇಡವೋ ಅನ್ನುವುದನ್ನು ರಕ್ತದ ಪೊಟ್ಯಾಶಿಯಂ ನೋಡಿ ತೀರ್ಮಾನಿಸಬೇಕು. ಬೇಳೆ, ಮೀನು ಪೂರ್ತಿ ನಿಲ್ಲಿಸಿ ಸೊರಗಿಸಬೇಡಿ. ಐದು ಲೀಟರ್ ನೀರು ಕುಡಿಸಿದರೆ ಕಿಡ್ನಿ ತೊಳೆಯುತ್ತದೆ ಅನ್ನುವ ಮಾತಿಗೂ ಆಧಾರ ಇಲ್ಲ. ಬಾಯಾರಿದಷ್ಟು ಕುಡಿಯಲಿ. ಬೀಡಿ, ಹೊಗೆಸೊಪ್ಪು ಇದ್ದರೆ ಅದು ನಿಲ್ಲಲೇಬೇಕು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಡಯಾಲಿಸಿಸ್ ಬೇಕಾಗಬಹುದು. ಅದು ನಡುರಾತ್ರಿ ಉಸಿರು ಕಟ್ಟಿ, ಕುತ್ತಿಗೆಗೆ ಪೈಪ್ ಹಾಕಿಸಿಕೊಂಡು ಶುರುವಾಗಬಾರದು. ಹಾಗೆ ಶುರುವಾದವರಲ್ಲಿ ಸೋಂಕೂ ಜಾಸ್ತಿ, ಸಾವೂ ಜಾಸ್ತಿ. ತಯಾರಿ ಇಂದಿನಿಂದಲೇ ಇರಲಿ. ಬಲಗೈಯವರಾದರೆ ಎಡಗೈ ರಕ್ತನಾಳವನ್ನು ಉಳಿಸಿ. ಮೊಣಕೈ ಕೆಳಗಿನ ನಾಳಕ್ಕೆ ಡ್ರಿಪ್ ಬೇಡ, ರಕ್ತ ತೆಗೆಯುವುದೂ ಬೇಡ. ಮುಂದೆ ಡಯಾಲಿಸಿಸ್‌ಗೆ ಬೇಕಾದ ಫಿಸ್ಟುಲಾ, ಅಂದರೆ ಎರಡು ರಕ್ತನಾಳಗಳನ್ನು ಸೇರಿಸುವ ಸಣ್ಣ ಆಪರೇಷನ್, ಮಾಡುವುದು ಅಲ್ಲೇ. ಅದು ಬಲಿಯಲು ಎರಡು ಮೂರು ತಿಂಗಳು ಬೇಕು, ಆದ್ದರಿಂದ ಅಂದಾಜು ಆರು ತಿಂಗಳು ಮೊದಲೇ ಮಾಡಿಸುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಈಗಲೇ ಹಾಕಿಸಿ. ಕಿಡ್ನಿ ಕಾಯಿಲೆಯವರಿಗೆ ಡೋಸ್ ಇಮ್ಮಡಿ, ಆರು ತಿಂಗಳಲ್ಲಿ ನಾಲ್ಕು ಸಲ. ಹಿಮೋಗ್ಲೋಬಿನ್ ನೋಡಿಸುತ್ತಿರಿ. ಮತ್ತು ಕ್ರಿಯಾಟಿನಿನ್ ಇಷ್ಟಾಯಿತು ಅಂದ ಮಾತ್ರಕ್ಕೆ ಯಾರಾದರೂ ಡಯಾಲಿಸಿಸ್ ಶುರು ಮಾಡೋಣ ಅಂದರೆ ಇನ್ನೊಬ್ಬ ತಜ್ಞರನ್ನು ಕೇಳಿ. ಬೇಗ ಶುರು ಮಾಡಿದರೆ ಆಯುಷ್ಯ ಹೆಚ್ಚುವುದಿಲ್ಲ ಅಂತ 2010ರಲ್ಲೇ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಹಸಿವು ಸತ್ತು ವಾಂತಿ ನಿಲ್ಲದಿದ್ದಾಗ, ಮಲಗಿದರೆ ಉಸಿರಾಡಲು ಆಗದಿದ್ದಾಗ, ಪೊಟ್ಯಾಶಿಯಂ ಔಷಧಿಗೆ ಬಗ್ಗದಿದ್ದಾಗ ಶುರು ಮಾಡಬೇಕು.

ಪೇಟೆಯಲ್ಲಿ ಮನೆ ಮಾಡುವುದು ಈಗ ಬೇಡ. ತೋಟ ಬಿಟ್ಟು ಬಾಡಿಗೆ ಮನೆಯಲ್ಲಿ ಕೂರಿಸಿದರೆ ಬಿಪಿ ಇಳಿಯುವುದಿಲ್ಲ. ಇಜಿಎಫ್‌ಆರ್ 20ರ ಹತ್ತಿರ ಬಂದಾಗ ಕೂತು ಯೋಚಿಸಿ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಡಯಾಲಿಸಿಸ್ ಘಟಕಗಳಿವೆ, ಬಿಪಿಎಲ್ ಕಾರ್ಡಿನವರಿಗೆ ಉಚಿತ. ಆದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು. ವರ್ಷಕ್ಕೆ ನೂರಕ್ಕೂ ಹೆಚ್ಚು ಓಡಾಟ. 2024ರ ಜುಲೈ 16ರಂದು ನಿಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಮೂರು ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆಯೂ ಕುಸಿಯಿತು. ಡಯಾಲಿಸಿಸ್ ಮೇಲಿರುವವರಿಗೆ ಎರಡು ಸರದಿ ತಪ್ಪಿದರೂ ಜೀವಕ್ಕೆ ಅಪಾಯ. ಹೀಗಾಗಿ ನಿಮ್ಮಂಥ ಊರಿಗೆ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್, ಅಂದರೆ ಸಿಎಪಿಡಿ, ಹೆಚ್ಚು ಹೊಂದುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹೊಟ್ಟೆಗೆ ಮೆತ್ತನೆಯ ನಳಿಕೆ ಹಾಕುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ಎರಡು ಲೀಟರಿನ ದ್ರಾವಣ ಒಳಗೆ ಬಿಟ್ಟು, ಕೆಲವು ತಾಸಿನ ನಂತರ ಹೊರಗೆ ತೆಗೆಯಬೇಕು. ಯಂತ್ರ ಬೇಡ, ಕರೆಂಟ್ ಬೇಡ. ಕೈ ತೊಳೆಯುವ ಶಿಸ್ತು, ಒಂದು ಸ್ವಚ್ಛ ಮೂಲೆ, ಪೆಟ್ಟಿಗೆಗಳನ್ನು ಒಣಗಿನಲ್ಲಿ ಇಡಲು ಜಾಗ, ಕಲಿಯುವ ಒಬ್ಬರು ಬೇಕು. ಕೈ ತೊಳೆಯುವುದು ತಪ್ಪಿದರೆ ಹೊಟ್ಟೆಯೊಳಗೆ ಸೋಂಕಾಗುತ್ತದೆ, ಅದೊಂದು ಎಚ್ಚರ ಸದಾ ಇರಬೇಕು. ಇದರ ಖರ್ಚು, ಯೋಜನೆಯ ನೆರವು, ಪೆಟ್ಟಿಗೆ ಊರಿಗೆ ತಲುಪುವ ವ್ಯವಸ್ಥೆ ಎಲ್ಲವನ್ನೂ ತಜ್ಞರ ಬಳಿ ಮೊದಲೇ ಕೇಳಿ. ಅವರಾಗಿ ಹೇಳದೆ ಹೋಗಬಹುದು.

ಅಮ್ಮನ ಮಾತನ್ನು ‘ಆಮೇಲೆ ನೋಡೋಣ’ ಅಂತ ತಳ್ಳಬೇಡಿ. ಹೊಂದುವ ದಾನಿ ಇದ್ದರೆ ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಮಾಡಬಹುದು. ಫಲಿತಾಂಶವೂ ಅದರಲ್ಲೇ ಚೆನ್ನಾಗಿರುತ್ತದೆ. ಅದರ ತಪಾಸಣೆಗೆ ತಿಂಗಳುಗಳು ಹಿಡಿಯುತ್ತವೆ, ಹಾಗಾಗಿ ಇಜಿಎಫ್‌ಆರ್ 20ಕ್ಕೆ ಬಂದಾಗಲೇ ಹೆಸರು ಬರೆಸಬೇಕು. ಅಮ್ಮನಿಂದ ಆಗದಿದ್ದರೆ ಮೃತ ದಾನಿಗಳ ಕಿಡ್ನಿಗಾಗಿ ರಾಜ್ಯದ ‘ಜೀವಸಾರ್ಥಕತೆ’ಯ ಪಟ್ಟಿಗೆ ಆಸ್ಪತ್ರೆಯ ಮೂಲಕ ಸೇರಬಹುದು. ಸದ್ಯಕ್ಕೆ ಅಮ್ಮನ ಬಿಪಿ, ಶುಗರ್, ಕ್ರಿಯಾಟಿನಿನ್ ಮತ್ತು ಮೂತ್ರದ ಎಸಿಆರ್ ಒಮ್ಮೆ ನೋಡಿಸಿ. ಅಪ್ಪನ ಪರೀಕ್ಷೆಗೆ ಹೋಗುವ ದಿನವೇ, ಅದೇ ಲ್ಯಾಬಿನಲ್ಲಿ ಮಾಡಿಸಬಹುದು. ಅಪ್ಪನಿಗೆ ಶುಗರ್ ಇರುವುದರಿಂದ ನೀವೂ ನಿಮ್ಮ ಒಡಹುಟ್ಟಿದವರೂ ಅವತ್ತೇ ಶುಗರ್, ಬಿಪಿ ನೋಡಿಸಿಕೊಂಡು ಬನ್ನಿ.